ಅಜ್ಜಿಯ ಹಂಡೆ ಒಲೆ ಮತ್ತು ಹಾಲಿನ ಕವರ್

ಕಳೆದ ಬೇಸಿಗೆ ರಜೆಯಲ್ಲಿ ನಾವು ತಿಪಟೂರಿನ ಹತ್ತಿರದ ನಮ್ಮ ಊರಿಗೆ ಹೋಗಿದ್ದೆವು. ನನ್ನ ಮಗಳು ಬೆಳಿಗ್ಗೆ ಎದ್ದ ತಕ್ಷಣ ಬಚ್ಚಲುಮನೆಗೆ ಓಡಿ, ಅಜ್ಜಿ ಹಂಡೆ ಒಲೆ ಹಚ್ಚೋದನ್ನ ನೋಡ್ತಾ ಕೂರುತ್ತಿದ್ದಳು. ಒಂದು ದಿನ ಅಜ್ಜಿ ತೆಂಗಿನ ಗರಿ, ಕರಟದ ಜೊತೆ ಖಾಲಿ ಹಾಲಿನ ಕವರನ್ನೂ ಒಲೆಗೆ ತುರುಕಿದರು. ಬೆಂಕಿ ಭಗ್ ಅಂತ ಹತ್ತಿತು. ಕಪ್ಪು ಹೊಗೆಗೆ ಅಜ್ಜಿ ಕೆಮ್ಮಿದರು.

“ಅಜ್ಜಿ, ಪ್ಲಾಸ್ಟಿಕ್ ಸುಡಬಾರದು!”

“ಕವರ್ ಹಾಕಿದ್ರೆ ಒಲೆ ಬೇಗ ಹತ್ಕೊಳ್ಳುತ್ತೆ ಪುಟ್ಟಿ.”

ಇಬ್ಬರು ಹೇಳಿದ್ದೂ ನಿಜ. ನಾನು ಕಂಪ್ಯೂಟರ್ ಕೆಲಸದವನು. ಕಾಲೇಜಿನ ಕೆಮಿಸ್ಟ್ರಿ ಮರೆತೇ ಹೋಗಿತ್ತು. ಮಗಳಿಗೋಸ್ಕರ ಮತ್ತೆ ಓದಿದೆ.

ಹಾಲಿನ ಕವರ್ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್. ಅದರಲ್ಲಿ ಮುಖ್ಯವಾಗಿ ಇರೋದು ಎರಡೇ: ಇಂಗಾಲ ಮತ್ತು ಜಲಜನಕ. 100 ಗ್ರಾಂನಲ್ಲಿ ಸುಮಾರು 14 ಗ್ರಾಂ ಜಲಜನಕ. ಮೇಣದಬತ್ತಿಯ ಮೇಣವೂ ಹೀಗೇ, ಅದಕ್ಕೇ ಕವರ್ ಚೆನ್ನಾಗಿ ಉರಿಯುತ್ತೆ. ಒಣ ಸೌದೆ ಬೇರೆ ಥರ. ಅದರ 100 ಗ್ರಾಂನಲ್ಲಿ ಜಲಜನಕ ಸುಮಾರು 6 ಗ್ರಾಂ ಮಾತ್ರ, ಆಮ್ಲಜನಕ 40 ಗ್ರಾಂಗೂ ಹೆಚ್ಚು.

ಈಗ ಗಾಳಿಯೇ ಹೋಗದ ಮುಚ್ಚಿದ ಪಾತ್ರೆಯಲ್ಲಿ ಸೌದೆ ಚೂರನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ? ಅದು ಉರಿಯೋದಿಲ್ಲ, ಅಣುಗಳು ಮುರಿಯುತ್ತವೆ. ಇದಕ್ಕೆ ಪೈರಾಲಿಸಿಸ್ ಅಂತ ಹೆಸರು. ಪಾತ್ರೆಯಲ್ಲಿ ಇದ್ದಿಲು ಉಳಿಯುತ್ತೆ, ಹೊರಬರುವ ಆವಿಯನ್ನು ತಣಿಸಿದರೆ ಎಣ್ಣೆ ಸಿಗುತ್ತೆ. ಆದರೆ ಸೌದೆಯ ಎಣ್ಣೆಯಲ್ಲಿ ಆಮ್ಲಜನಕ, ನೀರು ಎರಡೂ ಜಾಸ್ತಿ. ಅದು ಆಮ್ಲೀಯ, ಕಬ್ಬಿಣವನ್ನು ತಿನ್ನುತ್ತೆ. ಡೀಸೆಲ್‌ನ ಅರ್ಧದಷ್ಟು ಶಾಖವನ್ನೂ ಕೊಡೋದಿಲ್ಲ.

ಸೌದೆಯ ಜೊತೆ ಪ್ಲಾಸ್ಟಿಕ್ ಸೇರಿಸಿದರೆ ಮಜಾ ಶುರು. ಮೊದಲು ಮುರಿಯೋದು ಸೌದೆ. ಅದರ ತುಂಡುಗಳಿಗೆ ಒಂದು ಕೈ ಖಾಲಿ, ಹಿಡಿಯಲು ಯಾರಾದರೂ ಬೇಕು. ಅವು ಪ್ಲಾಸ್ಟಿಕ್‌ನ ಉದ್ದ ಸರಪಳಿಯಿಂದ ಜಲಜನಕವನ್ನು ಕಿತ್ತುಕೊಳ್ಳುತ್ತವೆ. ಜಲಜನಕ ಕಳಕೊಂಡ ಸರಪಳಿಯೂ ಸುಲಭವಾಗಿ ತುಂಡಾಗುತ್ತೆ. ಸೌದೆಯ ಆಮ್ಲಜನಕದಲ್ಲಿ ಒಂದು ಪಾಲು ನೀರಾಗಿ, ಇಂಗಾಲದ ಅನಿಲಗಳಾಗಿ ಹೊರಟುಹೋಗುತ್ತೆ. ಹೀಗೆ ಒಬ್ಬರಿಗೊಬ್ಬರು ನೆರವಾಗಿ, ಸೌದೆಯೊಂದರಿಂದಲೇ ಬರುವುದಕ್ಕಿಂತ ಒಳ್ಳೆಯ ಎಣ್ಣೆ ಸಿಗುತ್ತೆ. ಎಷ್ಟು ಒಳ್ಳೆಯದು ಅನ್ನೋದು ಎರಡನ್ನೂ ಬೆರೆಸಿದ ಪ್ರಮಾಣ, ಶಾಖದ ಮೇಲೆ ನಿಂತಿದೆ.

ಎಲ್ಲ ಪ್ಲಾಸ್ಟಿಕ್ಕೂ ಆಗೋದಿಲ್ಲ. ಪೈಪುಗಳಿಗೆ ಬಳಸುವ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ ಇರಬಹುದು. ಕಾದರೆ ಅದು ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತೆ, ಯಂತ್ರವನ್ನೇ ಕೆಡಿಸುತ್ತೆ. ಅದಕ್ಕೇ ಕಸವನ್ನು ಮೊದಲು ಬೇರ್ಪಡಿಸಬೇಕು.

“ಅಜ್ಜಿ ಒಲೆಯಲ್ಲೂ ಎರಡೂ ಸೇರಿತ್ತಲ್ಲಾ ಅಪ್ಪಾ?” ಅಂದಳು ಮಗಳು. ಸೇರಿತ್ತು, ಆದರೆ ಒಲೆಗೆ ಮುಚ್ಚಳ ಇಲ್ಲ. ಅರ್ಧಂಬರ್ಧ ಉರಿದ ತುಂಡುಗಳು ಮಸಿಯಾಗಿ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವಾಗಿ ಹೊರಬರುತ್ತವೆ. ಪಿವಿಸಿ ಸೇರಿದ್ದರೆ ಡಯಾಕ್ಸಿನ್ ಎಂಬ ಇನ್ನೂ ಕೆಟ್ಟ ವಿಷ ಹುಟ್ಟಬಹುದು. ಕಾರ್ಖಾನೆಯಲ್ಲಿ ಆವಿಯನ್ನು ಹಿಡಿದಿಡೋದು ಯಂತ್ರ. ಬಚ್ಚಲುಮನೆಯಲ್ಲಿ ಅದು ಹೋಗೋದು ಅಜ್ಜಿಯ ಎದೆಗೆ.

ಮಗಳು ಇದನ್ನೆಲ್ಲ ತನ್ನ ಕನ್ನಡದಲ್ಲೇ ಅಜ್ಜಿಗೆ ಹೇಳಿದಳು. ಅಜ್ಜಿ ಗೋಡೆಯ ಮೊಳೆಗೆ ಒಂದು ಚೀಲ ನೇತುಹಾಕಿ, ಕವರ್ ತೊಳೆದು ಅದರಲ್ಲಿ ಹಾಕತೊಡಗಿದರು.

ಹೋದ ವಾರ ಫೋನಿನಲ್ಲಿ ಕೇಳಿದರು: “ಚೀಲ ತುಂಬ್ತು ಪುಟ್ಟಿ, ಗುಜರಿಯವನು ಬಂದೇ ಇಲ್ಲ. ಈಗ ಏನ್ ಮಾಡ್ಲಿ?”

ಮಕ್ಕಳೇ, ಒಲೆಯಿಂದ ಉಳಿಸಿದ ಆ ಚೀಲ ಎಲ್ಲಿಗೆ ಹೋಗಬೇಕು? ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಅಜ್ಜಿ ಮನೆಯಲ್ಲೂ ಕೇಳಿ ನೋಡಿ.