ಸ್ಯಾಂಪಲ್ ತಂದಿದ್ದೀರಾ?

ಬೆಂಗಳೂರಿನ ಟೌನ್‌ಹಾಲ್‌ಗೂ ಮಿನರ್ವ ವೃತ್ತಕ್ಕೂ ನಡುವೆ ಇರುವ ಜಯಚಾಮರಾಜೇಂದ್ರ ರಸ್ತೆಯನ್ನು ಊರೆಲ್ಲ ಜೆ.ಸಿ. ರಸ್ತೆ ಎಂದೇ ಕರೆಯುತ್ತದೆ. ನಾಟಕ, ಸಂಗೀತದ ಗೀಳು ಇರುವವರಿಗೆ ಅದು 1963ರಲ್ಲಿ ಶುರುವಾದ ರವೀಂದ್ರ ಕಲಾಕ್ಷೇತ್ರದ ರಸ್ತೆ. ಗಾಡಿ ಇಟ್ಟುಕೊಂಡವರಿಗೆ ಅದು ಸ್ಪೇರ್ಸ್ ಅಂಗಡಿಗಳ ಸಾಲು. ಸೀಟ್ ಕವರ್, ಸ್ಟೀರಿಯೊ, ನಂಬರ್ ಪ್ಲೇಟು, ಹಾರ್ನು, ಬಂಪರ್, ಬೇರಿಂಗ್ ಎಲ್ಲವೂ ಸಿಗುತ್ತವೆ. ಪಕ್ಕದ ಕಲಾಸಿಪಾಳ್ಯಕ್ಕೆ ಬಸ್ಸಿನಲ್ಲಿ ಬಂದಿಳಿದ ಹೊರಊರಿನ ಮೆಕ್ಯಾನಿಕ್ ಚೀಟಿ ಹಿಡಿದು ನಡೆದೇ ಇಲ್ಲಿಗೆ ಬರಬಹುದು.

ಅಂಗಡಿಗಳಲ್ಲಿ ಹೆಚ್ಚಿನವು ಕಿರಿದು. ನೆಲದಿಂದ ಛಾವಣಿಯವರೆಗೆ ಕಪಾಟು, ಕೊಕ್ಕೆಗಳಲ್ಲಿ ಫ್ಯಾನ್ ಬೆಲ್ಟುಗಳ ಗೊಂಚಲು, ಏಣಿ ಹತ್ತಿ ಇಳಿಯಲು ಒಬ್ಬ ಹುಡುಗ. ಕೌಂಟರಿನಲ್ಲಿ ನಿಂತವರು ಕೇಳುವ ಮೊದಲ ಮಾತು ಒಂದೇ: "ಸ್ಯಾಂಪಲ್ ತಂದಿದ್ದೀರಾ?" ಸ್ಯಾಂಪಲ್ ಅಂದರೆ ಗಾಡಿಯಿಂದ ಬಿಚ್ಚಿದ ಹಳೆಯ ಭಾಗ. ತಂದಿಲ್ಲ ಅಂದರೆ ಪ್ರಶ್ನೆಗಳು ಶುರು. ಯಾವ ಮಾಡಲ್, ಯಾವ ವರ್ಷ, ಪೆಟ್ರೋಲಾ ಡೀಸೆಲ್ಲಾ, ಎಬಿಎಸ್ ಇದೆಯಾ ಇಲ್ವಾ, ಹಿಂದೆ ಡಿಸ್ಕಾ ಡ್ರಮ್ಮಾ. ಇಷ್ಟಕ್ಕೆ ಉತ್ತರ ಕೊಡುವ ಹೊತ್ತಿಗೆ, ನಮ್ಮ ಕಾರು ನಮಗೆ ಅಷ್ಟಾಗಿ ಗೊತ್ತಿಲ್ಲ ಎಂಬುದು ಅರ್ಧದಷ್ಟು ಗಿರಾಕಿಗಳಿಗೆ ಮನವರಿಕೆ ಆಗಿರುತ್ತದೆ.

ಈಗ ಕಾರಿನ ಬಿಡಿಭಾಗಗಳನ್ನು ಮೊಬೈಲಿನಲ್ಲೇ ತರಿಸಬಹುದು. ಅಮೆಜಾನ್, ಫ್ಲಿಪ್‌ಕಾರ್ಟ್‌ಗಳಿವೆ, ಬಿಡಿಭಾಗಗಳಿಗಾಗಿಯೇ ಇರುವ ಬೂಡ್‌ಮೋದಂಥ ತಾಣಗಳಿವೆ. ಬೆಲೆ ಕಣ್ಣೆದುರಿಗೇ ಇರುತ್ತದೆ, ಸಾಮಾನು ಮನೆ ಬಾಗಿಲಿಗೆ ಬರುತ್ತದೆ. ಹಾಗಾದರೆ ಜೆ.ಸಿ. ರಸ್ತೆಯ ಈ ಕೌಂಟರು ಯಾಕೆ ಬೇಕು? ನನ್ನ ಉತ್ತರ ಇದು: ಈ ವ್ಯಾಪಾರದ ಕಷ್ಟವೆಲ್ಲ ಇರುವುದು ಗುರುತಿಸುವುದರಲ್ಲಿ. ಗುರುತು ಸರಿಯಾಗಿದ್ದರೆ ಎಲ್ಲಿ ಕೊಂಡರೂ ನಡೆದೀತು. ಗುರುತು ತಪ್ಪಿದರೆ ಅರ್ಧ ಬೆಲೆಗೆ ಸಿಕ್ಕಿದ್ದೂ ದುಬಾರಿಯೇ.

ಗುರುತಿಸುವುದು ಎಷ್ಟು ಕಷ್ಟ ಎಂದು ತಿಳಿಯಲು ಮಾರುತಿ ಸ್ವಿಫ್ಟ್ ಒಂದೇ ಸಾಕು. ನಮ್ಮಲ್ಲಿ ಅದು 2005ರಲ್ಲಿ ಬಂತು, 2011ರಲ್ಲಿ ಬದಲಾಯಿತು, 2018ರಲ್ಲಿ ಮತ್ತೆ, 2024ರಲ್ಲಿ ಇನ್ನೊಮ್ಮೆ. ಹೆಸರು ಒಂದೇ, ಕಾರು ನಾಲ್ಕು. ಬದಲಾದ ವರ್ಷದಲ್ಲಿ ಕೊಂಡ ಗಾಡಿಯಾದರೆ ಆರ್‌ಸಿಯಲ್ಲಿನ ವರ್ಷ ನೋಡಿ ಹಳೆಯದೋ ಹೊಸದೋ ಹೇಳಲಾಗದು. ಇದರ ತಿರುಗುಮುರುಗು ಕಥೆಯೂ ಉಂಟು. ಫಿಯಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟ್, ಡಿಸೈರ್, ಎರ್ಟಿಗಾಗಳಲ್ಲಿ ಇತ್ತು. ಟಾಟಾದ ವಿಸ್ಟಾದಲ್ಲೂ ಇತ್ತು. ಫಿಯಟ್‌ನದೇ ಪುಂಟೊ, ಲಿನಿಯಾಗಳಲ್ಲಂತೂ ಇದ್ದೇ ಇತ್ತು. ಮೂರು ಕಂಪನಿಗಳ ಬಾನೆಟ್ಟಿನ ಕೆಳಗೆ ಒಂದೇ ಎಂಜಿನ್. ಅದರ ಹಲವು ಭಾಗಗಳು ಒಂದರದು ಇನ್ನೊಂದಕ್ಕೆ ಕೂರುತ್ತವೆ. ಆದರೆ 75 ಅಶ್ವಶಕ್ತಿಯ ಎಂಜಿನ್ನಿನ ಟರ್ಬೊ ಬೇರೆ, 90ರದು ಬೇರೆ. ಎಲ್ಲಿ ಕೂರುತ್ತದೆ, ಎಲ್ಲಿ ಕೂರುವುದಿಲ್ಲ ಎಂಬುದು ಯಾವ ಒಂದು ಕಂಪನಿಯ ಪಟ್ಟಿಯಲ್ಲೂ ಪೂರ್ತಿ ಇರುವುದಿಲ್ಲ. ಇಪ್ಪತ್ತು ವರ್ಷ ಕೌಂಟರಿನಲ್ಲಿ ನಿಂತವರ ತಲೆಯಲ್ಲಿ ಇರುತ್ತದೆ. ಡಸ್ಟರ್‌ನದು ಟೆರಾನೊಗೆ, ಬಲೆನೊದ್ದು ಗ್ಲಾಂಜಾಕ್ಕೆ ಎಂದು ಥಟ್ಟನೆ ಹೇಳಿ, ಎರಡು ಡಬ್ಬಿಗಳ ಬೆಲೆಯನ್ನೂ ಹೋಲಿಸಿ ತೋರಿಸುವ ಅಂಗಡಿ ಸಿಕ್ಕರೆ ಬಿಡಬೇಡಿ.

ಹಳೆಯ ಭಾಗ ಕೈಗೆ ಬಂದಾಗ ಅವರು ನೋಡುವುದು ಅಳತೆಯನ್ನಷ್ಟೇ ಅಂದುಕೊಳ್ಳಬೇಡಿ. ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಎಣಿಸುತ್ತಾರೆ, ಅಡ್ಡಳತೆಯನ್ನು ಗೇಣಿನಲ್ಲೇ ಅಂದಾಜು ಮಾಡುತ್ತಾರೆ, ಸರಿ. ಜೊತೆಗೆ ಅದು ಹೇಗೆ ಸವೆದಿದೆ ಎಂದೂ ನೋಡುತ್ತಾರೆ. ಬ್ರೇಕ್ ಪ್ಯಾಡುಗಳಲ್ಲಿ ಒಳಗಿನದು ಪೂರ್ತಿ ತೇದು ಹೊರಗಿನದು ದಪ್ಪಗೇ ಉಳಿದಿದ್ದರೆ ತಪ್ಪು ಪ್ಯಾಡಿನದಲ್ಲ, ಸರಾಗವಾಗಿ ಜಾರಬೇಕಾದ ಕ್ಯಾಲಿಪರ್ ಪಿನ್ ಹಿಡಿದುಕೊಂಡಿದೆ ಎಂದು ಅರ್ಥ. "ಸಾರ್, ಪ್ಯಾಡ್ ಕೊಡ್ತೀನಿ, ಆದ್ರೆ ಪಿನ್ ಬಿಚ್ಚಿ ಕ್ಲೀನ್ ಮಾಡ್ಸಿ ಗ್ರೀಸ್ ಹಾಕ್ಸಿ. ಇಲ್ದಿದ್ರೆ ಇದೂ ಹಾಗೇ ಆಗುತ್ತೆ." ಈ ಒಂದು ಮಾತಿಗೆ ಬಿಲ್ಲಿನಲ್ಲಿ ಸಾಲು ಇಲ್ಲ. ಸವೆದ ಪ್ಯಾಡನ್ನು ನೋಡದ ಜಾಲತಾಣಕ್ಕೆ ಈ ಮಾತು ಹೇಳಲು ಬರುವುದೂ ಇಲ್ಲ.

ಕೌಂಟರಿನ ಬಗ್ಗೆ ಇಷ್ಟು ಅಭಿಮಾನ ಇಟ್ಟುಕೊಂಡೇ ಅದರ ದೋಷವನ್ನೂ ಹೇಳಬೇಕು. ಬೆಲೆ ಮುಚ್ಚಿಡುವುದು ಈ ಬೀದಿಯ ಹಳೆಯ ರೋಗ. ಡಬ್ಬಿಯ ಮೇಲೆ ಎಂಆರ್‌ಪಿ ಇರುತ್ತದೆ. ಮೆಕ್ಯಾನಿಕ್ಕಿಗೆ ಒಂದು ದರ, ಪರಿಚಯದವರಿಗೆ ಒಂದು, ಮೊದಲ ಸಲ ಬಂದವರಿಗೆ ಇನ್ನೊಂದು. ಹೆಣ್ಣುಮಗಳೊಬ್ಬಳು ಒಬ್ಬಳೇ ಬಂದು ಲಿಂಕ್ ರಾಡ್ ಕೇಳಿದರೆ "ಮೆಕ್ಯಾನಿಕ್ ನಂಬರ್ ಕೊಡಿ ಮೇಡಂ, ಅವರ ಹತ್ರ ಮಾತಾಡ್ತೀನಿ" ಅನ್ನುವ ಕಡೆಗಳು ಈಗಲೂ ಇವೆ. ಬಿಲ್ ಬೇಕಾ ಬೇಡ್ವಾ ಎಂದು ಕೇಳುವುದೂ ಉಂಟು. ಬೇಕೆಂದೇ ಹೇಳಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳೆಲ್ಲದರ ಮೇಲಿನ ಜಿಎಸ್‌ಟಿ ಶೇ 18ಕ್ಕೆ ಬಂದಿದೆ. ಅದಕ್ಕೆ ಮೊದಲು ಹಲವಕ್ಕೆ ಶೇ 28 ಇತ್ತು. ಆ ತೆರಿಗೆ ಉಳಿಸಲು ಹೋದರೆ ವಾರಂಟಿಯೂ ಹೋಗುತ್ತದೆ, ನಕಲಿ ಎಂದು ಗೊತ್ತಾದಾಗ ದೂರು ಕೊಡುವ ದಾರಿಯೂ ಮುಚ್ಚುತ್ತದೆ.

ಮೊಬೈಲಿನ ಮಾರುಕಟ್ಟೆ ಈ ಮುಚ್ಚುಮರೆಯನ್ನು ಒಡೆದದ್ದು ದೊಡ್ಡ ಉಪಕಾರ. ಯಾದಗಿರಿಯಲ್ಲಿ ಕೂತವರೂ ಈಗ ಬೆಂಗಳೂರಿನವರು ನೋಡುವ ದರವನ್ನೇ ನೋಡುತ್ತಾರೆ. ಕಂಪನಿಯೇ ಬಿಟ್ಟುಹೋದ ಕಾರುಗಳವರಿಗಂತೂ ಅದು ಆಸರೆ. ಷೆವ್ರೊಲೆ ನಮ್ಮಲ್ಲಿ ಮಾರಾಟ ನಿಲ್ಲಿಸಿದ್ದು 2017ರಲ್ಲಿ. ಕಾರು ತಯಾರಿಕೆ ನಿಲ್ಲಿಸುತ್ತೇವೆಂದು ಫೋರ್ಡ್ ಹೇಳಿದ್ದು 2021ರಲ್ಲಿ. ಆ ಗಾಡಿಗಳು ಇನ್ನೂ ರಸ್ತೆಯಲ್ಲಿವೆ. ಬೀಟ್ ಕಾರಿನ ಒಂದು ಟೈಲ್ ಲ್ಯಾಂಪ್ ದೆಹಲಿಯ ಕಶ್ಮೀರಿ ಗೇಟಿನ ಅಂಗಡಿಯೊಂದರಲ್ಲಿ ಧೂಳು ತಿನ್ನುತ್ತ ಕೂತಿರಬಹುದು. ಅದು ಬೇಕಾದವರು ಬಳ್ಳಾರಿಯಲ್ಲಿ ಇರಬಹುದು. ಇಬ್ಬರನ್ನು ಜೋಡಿಸುವುದು ಹಳೆಯ ಕೌಂಟರಿನಿಂದ ಆಗುತ್ತಿರಲಿಲ್ಲ.

ಆದರೆ ಜಾಲತಾಣದಲ್ಲಿ ಕೊಳ್ಳುವಾಗ ಗುರುತಿಸುವ ಹೊಣೆ ನಿಮ್ಮದು. "ಎಲ್ಲ ಮಾಡಲ್‌ಗಳಿಗೂ ಹೊಂದುತ್ತದೆ" ಎಂಬ ಒಕ್ಕಣೆಯನ್ನು ನಂಬಿ ದುಡ್ಡು ಹಾಕಬಾರದು. ಗುರುತಿಸಲು ಎರಡು ಆಧಾರಗಳಿವೆ. ಒಂದು, ಷಾಸಿ ನಂಬರ್. ಅದು 17 ಅಕ್ಷರ-ಅಂಕಿಗಳದ್ದು. 1, 0 ಅಂಕಿಗಳ ಜೊತೆ ಗೊಂದಲ ಆಗಬಾರದೆಂದು ಐ, ಒ, ಕ್ಯು ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಆರ್‌ಸಿ ಕಾರ್ಡಿನಲ್ಲಿ ಇರುತ್ತದೆ, ಗಾಡಿಯ ಮೇಲೂ ಕೊರೆದಿರುತ್ತದೆ. ನಿಮ್ಮ ಗಾಡಿ ಕಾರ್ಖಾನೆಯಿಂದ ಹೊರಬಿದ್ದಾಗ ಅದರಲ್ಲಿ ಏನೇನಿತ್ತು ಎಂಬುದನ್ನು ಕಂಪನಿ ಈ ನಂಬರಿನಿಂದಲೇ ಹುಡುಕುತ್ತದೆ. ಇನ್ನೊಂದು, ಪಾರ್ಟ್ ನಂಬರ್. ಹೆಚ್ಚಾಗಿ ಭಾಗದ ಮೇಲೆ ಅಥವಾ ಅದರ ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಟೊಯೊಟಾದ ಪಾರ್ಟ್ ನಂಬರಿನ ಮೊದಲ ಐದು ಅಂಕಿ 04465 ಆಗಿದ್ದರೆ ಅದು ಮುಂದಿನ ಡಿಸ್ಕ್ ಬ್ರೇಕಿನ ಪ್ಯಾಡು, 04466 ಆಗಿದ್ದರೆ ಹಿಂದಿನದು; ಯಾವ ಕಾರಿನದು ಎಂಬುದು ಉಳಿದ ಅಂಕಿಗಳಲ್ಲಿ. ಕಂಪನಿ ಭಾಗವನ್ನು ಸುಧಾರಿಸಿದಾಗ ನಂಬರೂ ಬದಲಾಗುತ್ತದೆ, ಹಳೆಯ ನಂಬರ್ ಹಾಕಿದರೆ "ಸ್ಟಾಕ್ ಇಲ್ಲ" ಎಂದು ಬರಬಹುದು. ಒಳ್ಳೆಯ ತಾಣಗಳು ಹೊಸ ನಂಬರಿಗೆ ದಾರಿ ತೋರುತ್ತವೆ. ಕೌಂಟರಿನವರಿಗೆ ಅದು ಬಾಯಿಪಾಠ.

ನಂಬರ್ ಸರಿಯಿದ್ದರೂ ಇನ್ನೊಂದು ಲೆಕ್ಕ ಇದೆ, ದಿನಗಳ ಲೆಕ್ಕ. ಗಾಡಿ ಬಿಚ್ಚಿ ನಿಲ್ಲಿಸಿದ ಮೇಲೆ ತಪ್ಪು ಭಾಗ ಬಂದರೆ, ವಾಪಸ್ ಕಳಿಸಿ ಮತ್ತೊಂದು ಬರುವವರೆಗೆ ಗ್ಯಾರೇಜಿನ ಒಂದು ಜಾಗ ಕಟ್ಟಿಹಾಕಿದಂತೆ. ಗಿರಾಕಿ ತಂದುಕೊಟ್ಟ ಸಾಮಾನಿಗೆ ಹೆಚ್ಚಿನ ಮೆಕ್ಯಾನಿಕ್‌ಗಳು ಗ್ಯಾರಂಟಿ ಕೊಡುವುದಿಲ್ಲ, ಅದು ನ್ಯಾಯವೂ ಹೌದು. ಸೆನ್ಸರ್, ಇಸಿಎಂ ಥರದ ಎಲೆಕ್ಟ್ರಿಕಲ್ ಸಾಮಾನನ್ನು ಒಮ್ಮೆ ಜೋಡಿಸಿದ ಮೇಲೆ ವಾಪಸ್ ತೆಗೆದುಕೊಳ್ಳದಿರುವುದು ಅಂಗಡಿಯಲ್ಲೂ ಜಾಲತಾಣದಲ್ಲೂ ಸಾಮಾನ್ಯ ಪದ್ಧತಿ.

"ಒರಿಜಿನಲ್" ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ. ಕಾರು ಕಂಪನಿ ಎಲ್ಲ ಭಾಗಗಳನ್ನೂ ತಾನೇ ತಯಾರಿಸುವುದಿಲ್ಲ. ಕ್ಲಚ್, ಬ್ರೇಕು, ದೀಪ, ಫಿಲ್ಟರುಗಳನ್ನು ಬೇರೆ ಕಾರ್ಖಾನೆಗಳು ತಯಾರಿಸಿ ಕೊಡುತ್ತವೆ. ವಾಲಿಯೊ, ರಾಣೆ, ಯುನೊ ಮಿಂಡಾ, ಲುಕಾಸ್ ಟಿವಿಎಸ್ ಅಂಥವು. ನಮ್ಮ ಆಡುಗೋಡಿಯಲ್ಲಿದ್ದ ಮೈಕೋ ಕಾರ್ಖಾನೆಯೂ ಆ ಸಾಲಿನದೇ. 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಬಡಾವಣೆಯ ಹೆಸರಿನಲ್ಲಿ ಮೈಕೋ ಇನ್ನೂ ಉಳಿದಿದೆ. ಒಂದು ಭಾಗ ಕಾರು ಕಂಪನಿಯ ಡಬ್ಬಿಯಲ್ಲಿ ಬಂದರೆ ಒಂದು ಬೆಲೆ, ತಯಾರಿಸಿದವರದೇ ಡಬ್ಬಿಯಲ್ಲಿ ಬಂದರೆ ಹೆಚ್ಚಾಗಿ ಅದಕ್ಕಿಂತ ಕಡಿಮೆ ಬೆಲೆ. ಜೆ.ಸಿ. ರಸ್ತೆಯ ಜಾಣ ಗಿರಾಕಿ ಕೊಳ್ಳುವುದು ಈ ಎರಡನೆಯದನ್ನು. ಅದರ ಕೆಳಗೆ "ಲೋಕಲ್" ಇದೆ, ಎಲ್ಲಕ್ಕಿಂತ ಕೆಳಗೆ ಡೂಪ್ಲಿಕೇಟ್. ಲೋಕಲ್ ತನ್ನ ಹೆಸರಿನಲ್ಲೇ ಮಾರುತ್ತದೆ. ಡೂಪ್ಲಿಕೇಟ್ ಇನ್ನೊಬ್ಬರ ಹೆಸರು ಕದ್ದು ಮಾರುತ್ತದೆ, ಅದು ಅಪರಾಧ.

ಕಂಪನಿಯ ಭಾಗಗಳು ಹೊರಗೆ ಸಿಗಬೇಕೆಂಬುದಕ್ಕೂ ಒಂದು ಹೋರಾಟ ನಡೆದಿದೆ. ತಮ್ಮ ಬಿಡಿಭಾಗಗಳನ್ನು ಅಧಿಕೃತ ವರ್ಕ್‌ಶಾಪುಗಳಿಂದ ಆಚೆ ಬಿಡದೆ ಗಿರಾಕಿಗಳನ್ನು ಕಟ್ಟಿಹಾಕಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿ ಹೋದವು. ದಂಡದ ಕಥೆ ಏನೇ ಇರಲಿ, ಕಾರು ಕೊಂಡವರಿಗೆ ಅದನ್ನು ಎಲ್ಲಿ ರಿಪೇರಿ ಮಾಡಿಸಬೇಕೆಂದು ಆರಿಸುವ ಹಕ್ಕಿದೆ ಎಂಬ ಮಾತು ಅಂದು ಅಧಿಕೃತವಾಗಿ ದಾಖಲಾಯಿತು. ಬೀದಿ ಬದಿಯ ಗ್ಯಾರೇಜುಗಳ ಪಾಲಿಗೆ ಅದು ಸಣ್ಣ ಸಂಗತಿಯಲ್ಲ.

ಯಾವುದನ್ನು ಎಲ್ಲಿ ಕೊಳ್ಳಬೇಕೆಂದು ಕೇಳುವವರಿಗೆ ನಾನು ಹೇಳುವುದು: ವೈಪರ್, ಏರ್ ಫಿಲ್ಟರ್, ಮ್ಯಾಟು, ಕನ್ನಡಿ ಇಂಥವನ್ನು ಧಾರಾಳವಾಗಿ ಮೊಬೈಲಿನಲ್ಲಿ ತರಿಸಿ. ಟೈರು ತರಿಸಿದರೆ ಬದಿಯಲ್ಲಿರುವ ನಾಲ್ಕು ಅಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಹೆಡ್‌ಲೈಟಿಗೆ ಎಚ್4 ಬಲ್ಬಿನ ಮಾಮೂಲು ಶಕ್ತಿ 60/55 ವ್ಯಾಟ್. ಬೆಳಕು ಜಾಸ್ತಿ ಎಂದು 100/90ರದು ಹಾಕಿದರೆ ಹೋಲ್ಡರ್ ಕರಗುತ್ತದೆ, ಎದುರಿನವರ ಕಣ್ಣಿಗೂ ಅಪಾಯ. ಬ್ರೇಕು, ಸ್ಟೀರಿಂಗ್, ಸಸ್ಪೆನ್ಷನ್, ಕ್ಲಚ್, ಟೈಮಿಂಗ್ ಬೆಲ್ಟುಗಳ ವಿಷಯದಲ್ಲಿ ಮಾತ್ರ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದು ಅಂಗಡಿಗೇ ಹೋಗಿ. ಏರ್‌ಬ್ಯಾಗ್ ಹಾರಿದ್ದರೆ ಜೆ.ಸಿ. ರಸ್ತೆಯೂ ಬೇಡ, ಜಾಲತಾಣವೂ ಬೇಡ, ಕಂಪನಿಯ ವರ್ಕ್‌ಶಾಪಿಗೇ ಹೋಗಿ. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಕಾರಿನ ಬಾಗಿಲು, ಡಿಕ್ಕಿ, ಫೆಂಡರ್ ಕಡಿಮೆಗೆ ಸಿಗುತ್ತವೆ, ಕೊಳ್ಳಬಹುದು. ಅಲ್ಲಿ ಸಿಕ್ಕ ಏರ್‌ಬ್ಯಾಗನ್ನು ಎಂದೂ ಹಾಕಿಸಬಾರದು.

ಹೊಸ ಭಾಗದ ಖಾಲಿ ಡಬ್ಬಿಯನ್ನು ಹಾಗೇ ಬಿಸಾಡಬೇಡಿ, ಹರಿದು ಎಸೆಯಿರಿ. ಅಸಲಿ ಡಬ್ಬಿಗೆ ನಕಲಿ ಸಾಮಾನು ತುಂಬುವವರು ಇದ್ದಾರೆ.

ಜೆ.ಸಿ. ರಸ್ತೆ ಕೂಡ ನಿಂತ ನೀರಲ್ಲ. ಸ್ಯಾಂಪಲ್ ಈಗ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ: ಹಳೆಯ ಭಾಗದ ಫೋಟೊ, ಷಾಸಿ ನಂಬರಿನ ಫೋಟೊ. ದುಡ್ಡು ಯುಪಿಐನಲ್ಲಿ. ಸಾಮಾನು ರಾತ್ರಿ ಬಸ್ಸಿನ ಪಾರ್ಸಲ್‌ನಲ್ಲಿ ಊರಿಗೆ. ಕೆಎಸ್‌ಆರ್‌ಟಿಸಿಯವರು 2021ರಲ್ಲಿ "ನಮ್ಮ ಕಾರ್ಗೋ" ಶುರು ಮಾಡುವುದಕ್ಕೆ ಎಷ್ಟೋ ಮೊದಲಿನಿಂದ ಬಸ್ಸಿನ ಪಾರ್ಸಲ್‌ಗಳ ಭರವಸೆಯಲ್ಲಿ ಬದುಕಿದ ವ್ಯಾಪಾರ ಇದು. ಇಂಥ ಅಂಗಡಿಗಳಲ್ಲಿ ಕೆಲವು ಜಾಲತಾಣಗಳಲ್ಲೂ ಮಾರಾಟಗಾರರಾಗಿ ಸೇರಿಕೊಂಡಿವೆ. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಮಾರುವವರು ಯಾರು, ಎಲ್ಲಿಯವರು ಎಂಬ ವಿವರವನ್ನು ತಾಣ ತೋರಿಸಲೇಬೇಕು. ದೂರು ಕೊಟ್ಟರೆ 48 ಗಂಟೆಯೊಳಗೆ ಅದು ತಲುಪಿದೆಯೆಂದು ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ 1915ಕ್ಕೆ ಕರೆ ಮಾಡಬಹುದು. ಮುಂದಿನ ಸಲ ಮೊಬೈಲಿನಲ್ಲಿ ಬ್ರೇಕ್ ಶೂ ಆರಿಸಿ ದುಡ್ಡು ಕಟ್ಟುವ ಮೊದಲು ಆ ಮಾರಾಟಗಾರರ ವಿವರವನ್ನು ತೆರೆದು ನೋಡಿ. ಅಂಗಡಿ ನಿಮ್ಮೂರಿನದೇ ಆಗಿದ್ದರೆ, ಹಳೆಯ ಶೂ ಹಿಡಿದು ನೇರ ಅಲ್ಲಿಗೇ ಹೋಗಿ ಕೇಳಬಹುದು.