ಮೌಂಟನ್ ಬೈಕಿನ ಮುಂಗಾಲಿಗೂ ಬೇಕು ಆರೈಕೆ

ಯುವ ಮಿತ್ರರೇ, ಶೀರ್ಷಿಕೆ ನೋಡಿ ನಗಬೇಡಿ. ಐವತ್ತು ದಾಟಿದ, ಅರ್ಧ ಆಯುಷ್ಯ ಅಡಿಗೆಮನೆಯಲ್ಲೇ ಕಳೆದ ಈ ಆಂಟಿಗೂ ಮೌಂಟನ್ ಬೈಕಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳುವುದು ಸಹಜವೇ. ಕಳೆದ ಮಳೆಗಾಲದವರೆಗೆ ನನಗೂ ಅದರ ಗಂಧಗಾಳಿ ಇರಲಿಲ್ಲ.

ನನ್ನ ಕಿರಿಮಗ 2021ರಲ್ಲಿ ಸೆಕೆಂಡ್ ಹ್ಯಾಂಡ್ ಮೌಂಟನ್ ಬೈಕ್ ಒಂದನ್ನು ಕೊಂಡ. ಅರ್ಧ ಹಣ ಅವನದು, ಅರ್ಧ ನನ್ನ ಟ್ಯೂಷನ್ ದುಡ್ಡು. ಪ್ರತಿ ಭಾನುವಾರ ಬೆಳಕು ಹರಿಯುವ ಮುಂಚೆಯೇ ಗೆಳೆಯರ ಜೊತೆ ವೇತಾಳ ಟೇಕಡಿಗೆ ಹೋಗುತ್ತಿದ್ದ. ಪುಣೆಯಲ್ಲಿರುವ ನಿಮಗೆ ಆ ಗುಡ್ಡ ಗೊತ್ತು. ಕಲ್ಲು, ಕೊರಕಲು, ಮಳೆ ಬಂದರೆ ಕೆಸರು. ಮೂರು ವರ್ಷ ಹೀಗೆ ನಡೆಯಿತು. ಹೋದ ವರ್ಷ ಜುಲೈ ತಿಂಗಳ ಒಂದು ಭಾನುವಾರ ಗದ್ದಕ್ಕೆ ನಾಲ್ಕು ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ. ಇಳಿಜಾರಿನಲ್ಲಿ ಮುಂದಿನ ಶಾಕ್ ಅಬ್ಸಾರ್ಬರ್ ಕೆಳಗೆ ಕುಳಿತದ್ದು ಮತ್ತೆ ಮೇಲೇಳಲಿಲ್ಲವಂತೆ. ಸೈಕಲ್ ಮುಂದಕ್ಕೆ ಮುಗ್ಗರಿಸಿದೆ, ಇವನು ಹ್ಯಾಂಡಲ್ ಮೇಲಿಂದ ಹಾರಿದ್ದಾನೆ.

“ನಾಳೆನೇ ಮಾರಿ ಬಿಡು ಅದನ್ನ” ಎಂದರು ನಮ್ಮ ಯಜಮಾನರು. ಮಗ ಸೈಕಲ್ಲನ್ನು ಒಂದು ಅಂಗಡಿಗೆ ಒಯ್ದ. ಅಲ್ಲಿಯವರು ಎರಡು ಸಲ ಒತ್ತಿ ನೋಡಿ, “ಹಾ ಫೋರ್ಕ್ ಗೇಲಾ” ಎಂದುಬಿಟ್ಟರು. ಹೋಯಿತು, ಪೂರ್ತಿ ಹೊಸದು ಹಾಕಬೇಕು! ಹೇಳಿದ ಬೆಲೆ ನಾವು ಇಡೀ ಸೈಕಲ್ಲಿಗೆ ಕೊಟ್ಟದ್ದರ ಅರ್ಧಕ್ಕಿಂತ ಹೆಚ್ಚು. ಬಿಚ್ಚಿ ನೋಡದೆಯೇ ಹೋಯಿತು ಎಂದು ಹೇಗೆ ಹೇಳಿದರು? ಆ ಪ್ರಶ್ನೆ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಕುಕ್ಕರಿನಲ್ಲಿ ಸೀಟಿ ಬರದಿದ್ದರೆ ನಾವು ಕುಕ್ಕರ್ ಎಸೆಯುತ್ತೇವೆಯೇ? ಮೊದಲು ಗ್ಯಾಸ್ಕೆಟ್ ನೋಡುತ್ತೇವೆ.

ಧಾರವಾಡದಲ್ಲಿ ನಮ್ಮ ತಂದೆಯವರ ಹತ್ತಿರ ಒಂದು ಕರಿ ಸೈಕಲ್ ಇತ್ತು. ಅದರಲ್ಲಿ ಸಸ್ಪೆನ್ಷನ್ ಎಂದರೆ ಸೀಟಿನ ಕೆಳಗಿನ ಎರಡು ಸ್ಪ್ರಿಂಗ್, ಅಷ್ಟೇ. ಆದರೆ ವರ್ಷಕ್ಕೊಮ್ಮೆ ತಪ್ಪದೆ ಅಂಗಡಿಯಲ್ಲಿ ಅದಕ್ಕೆ ‘ಓವರಾಯ್ಲಿಂಗ್’ ಆಗುತ್ತಿತ್ತು. ಗುಂಡುಗಳೆಲ್ಲ ತಟ್ಟೆಯಲ್ಲಿ ಸೀಮೆಎಣ್ಣೆಯಲ್ಲಿ ನೆನೆಯುತ್ತಿದ್ದವು. ಅದು ಓವರ್‌ಹಾಲಿಂಗ್ ಎಂಬ ಇಂಗ್ಲಿಷ್ ಪದ ಎಂದು ನನಗೆ ಗೊತ್ತಾದದ್ದು ಬಿ.ಎ.ಗೆ ಬಂದ ಮೇಲೆ! ಬೀದಿಯ ಪದವೇ ಹೆಚ್ಚು ಸರಿ ಎಂದು ಈಗ ಅನಿಸುತ್ತದೆ. ಯಾಕೆಂದರೆ ಎಲ್ಲ ಇರುವುದು ಎಣ್ಣೆಯಲ್ಲಿಯೇ.

ಇಂಗ್ಲಿಷ್ ಬಿ.ಎ. ಮಾಡಿ ನೀನು ಏನು ಸಾಧಿಸಿದೆ ಎಂದು ಮನೆಯಲ್ಲಿ ಆಗಾಗ ತಮಾಷೆ ನಡೆಯುತ್ತದೆ. ಈ ಸಲ ಉತ್ತರ ಸಿಕ್ಕಿತು. ಮಗನ ಫೋರ್ಕ್ ರಾಕ್‌ಶಾಕ್ಸ್ ಕಂಪನಿಯದು. ಹಿಂಬದಿಯಲ್ಲಿ ಸೀರಿಯಲ್ ನಂಬರ್ ಇತ್ತು. ಅದರಿಂದ ಮಾಡೆಲ್ ಪತ್ತೆ ಮಾಡಿ, ಸರ್ವಿಸ್ ಮ್ಯಾನ್ಯುಯಲ್ ಪ್ರಿಂಟ್ ತೆಗೆಸಿ, ಪೆನ್ಸಿಲ್ ಹಿಡಿದು ಕುಳಿತೆ. ಇಂಜಿನಿಯರಿಂಗ್ ಓದುವ ಮಗ ಮೂರು ವರ್ಷದಲ್ಲಿ ಅದರ ಒಂದು ಪುಟವನ್ನೂ ತೆರೆದಿರಲಿಲ್ಲ. ಮೊದಲ ಪುಟಗಳಲ್ಲೇ ಕಣ್ಣಿಗೆ ಬಿದ್ದದ್ದು ಇದು: ಪ್ರತಿ 50 ಗಂಟೆಯ ಸವಾರಿಗೊಮ್ಮೆ ಕೆಳಗಿನ ಕಾಲುಗಳನ್ನು ಬಿಚ್ಚಿ ಸ್ವಚ್ಛ ಮಾಡಿ ಎಣ್ಣೆ ಬದಲಾಯಿಸಬೇಕು. ವಾರಕ್ಕೆ ಮೂರು ಗಂಟೆ ಎಂದರೂ ನಾಲ್ಕು ತಿಂಗಳಿಗೊಮ್ಮೆ. ನಮ್ಮದು ಮೂರು ವರ್ಷ, ಸೊನ್ನೆ ಸಲ!

ಒಳಗೆ ಏನಿದೆ ಎಂದು ತಿಳಿದುಕೊಂಡರೆ ಇದು ಯಾಕೆ ಎಂಬುದು ಅರ್ಥವಾಗುತ್ತದೆ. ಫೋರ್ಕಿನಲ್ಲಿ ಎರಡು ಹೊಳೆಯುವ ಕೊಳವೆಗಳು ಮೇಲೆ, ಅವನ್ನು ಒಳಗೆ ತೆಗೆದುಕೊಳ್ಳುವ ಎರಡು ದಪ್ಪ ಕಾಲುಗಳು ಕೆಳಗೆ. ಒಂದು ಕಾಲಿನಲ್ಲಿ, ಸಾಮಾನ್ಯವಾಗಿ ಎಡಗಡೆ, ನಿಮ್ಮ ಭಾರ ಹೊರುವ ಗಾಳಿ ಇಲ್ಲವೇ ಉಕ್ಕಿನ ಸ್ಪ್ರಿಂಗ್. ಇನ್ನೊಂದರಲ್ಲಿ ಡ್ಯಾಂಪರ್: ಸಣ್ಣ ರಂಧ್ರಗಳ ಮೂಲಕ ಎಣ್ಣೆ ಹಾಯಿಸಿ ಕುಣಿತವನ್ನು ನಿಧಾನ ಮಾಡುವ ಸಾಧನ. ಸ್ಪ್ರಿಂಗ್ ಮಾತ್ರ ಇದ್ದು ಡ್ಯಾಂಪರ್ ಇಲ್ಲದಿದ್ದರೆ ಸೈಕಲ್ ಚೆಂಡಿನಂತೆ ಪುಟಿಯುತ್ತದೆ. ಕೆಳಗಿನ ಕಾಲುಗಳ ಬಾಯಿಯಲ್ಲಿ ರಬ್ಬರ್ ಸೀಲ್, ಅದರ ಕೆಳಗೆ ಸ್ಪಂಜಿನ ಉಂಗುರ. ಕಾಲುಗಳ ತಳದಲ್ಲಿರುವ ಎಣ್ಣೆ ಕೆಲವೇ ಮಿಲಿಲೀಟರ್, ಚಹಾ ಚಮಚದಲ್ಲಿ ಅಳೆಯುವಷ್ಟು. ದೀಪದ ಬತ್ತಿ ಎಣ್ಣೆ ಹೀರುವಂತೆ ಸ್ಪಂಜು ಅದನ್ನು ಹೀರಿ ಕೊಳವೆಗೆ ಸವರುತ್ತದೆ. ಸೀಲ್ ಎಷ್ಟೇ ಚೆನ್ನಾಗಿದ್ದರೂ ಧೂಳು, ನೀರು ಸ್ವಲ್ಪ ಸ್ವಲ್ಪವೇ ಒಳಗೆ ಇಳಿಯುತ್ತವೆ. ಬತ್ತಿ ಒಣಗುತ್ತದೆ. ಆಮೇಲೆ ಎಣ್ಣೆಯ ಜಾಗದಲ್ಲಿ ಕೆಲಸ ಮಾಡುವುದು ಮಣ್ಣು, ಅಂದರೆ ಮರಳುಕಾಗದ.

ಆ ಹೊಳೆಯುವ ಕೊಳವೆಯ ಮೇಲೊಂದು ತೆಳುವಾದ ಗಟ್ಟಿ ಲೇಪ ಇರುತ್ತದೆ. ನಮ್ಮ ಅಜ್ಜಿಯ ಹಿತ್ತಾಳೆ ಪಾತ್ರೆಗಳ ಕಲಾಯಿಯಂತೆ ಎನ್ನಬಹುದು. ಆದರೆ ಪಾತ್ರೆಗೆ ಮತ್ತೆ ಕಲಾಯಿ ಹಾಕಿಸಬಹುದಿತ್ತು, ಇದು ಸವೆದರೆ ಸಾಮಾನ್ಯವಾಗಿ ಮೇಲಿನ ಭಾಗವನ್ನು ಪೂರ್ತಿಯಾಗಿ ಬದಲಾಯಿಸಬೇಕು. ಆಗ ಮಾತ್ರ ‘ಗೇಲಾ’ ಎಂಬ ಮಾತು ಬಹುಮಟ್ಟಿಗೆ ನಿಜ. ಕೆಲವು ನೂರು ರೂಪಾಯಿಯ ಎಣ್ಣೆ, ಸೀಲುಗಳನ್ನು ಮುಂದೂಡುತ್ತ ಹೋದರೆ ತಲುಪುವ ಜಾಗ ಅದು.

ಇಷ್ಟು ಓದಿಕೊಂಡು ಎರಡನೆಯ ಮೆಕ್ಯಾನಿಕ್ಕನನ್ನು ಹುಡುಕಿದೆವು. ಒಂದೇ ಕೋಣೆಯ ಅಂಗಡಿ, ಮೊದಲು ಮೋಟರ್ ಸೈಕಲ್ ರಿಪೇರಿ ಮಾಡುತ್ತಿದ್ದವನು. (ಸೈಕಲ್ಲಿಗೆ ಈ ವಿದ್ಯೆ ಬಂದದ್ದೂ ಅಲ್ಲಿಂದಲೇ. 1989ರಲ್ಲಿ ರಾಕ್‌ಶಾಕ್ಸ್ ಶುರು ಮಾಡಿದ ಪಾಲ್ ಟರ್ನರ್ ಮೋಟರ್ ಸೈಕಲ್ ರೇಸಿನ ಲೋಕದಿಂದ ಬಂದವರು.) “ಕಾಕೂ, ಬಿಚ್ಚುವವರೆಗೆ ನಾನೇನೂ ಹೇಳುವುದಿಲ್ಲ” ಎಂದ. ಅಷ್ಟರಲ್ಲೇ ನನಗೆ ಅವನ ಮೇಲೆ ನಂಬಿಕೆ ಬಂತು.

ನಮ್ಮೆದುರಿಗೇ ಬಿಚ್ಚಿದ. ಮೊದಲು ಗಾಳಿಯನ್ನು ಪೂರ್ತಿ ಬಿಟ್ಟ. ಈ ಮಾತು ಚೆನ್ನಾಗಿ ನೆನಪಿಡಿ: ಗಾಳಿ ತುಂಬಿದ ಫೋರ್ಕನ್ನು ಬಿಚ್ಚಲು ಹೋಗುವುದು ಪ್ರೆಶರ್ ಇಳಿಯದ ಕುಕ್ಕರಿನ ಮುಚ್ಚಳ ತೆಗೆದಂತೆ. ಕಾಲುಗಳ ತಳದ ಬೋಲ್ಟುಗಳನ್ನು ಕೆಲವು ಸುತ್ತು ಸಡಿಲಿಸಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಆಮೇಲೆ ಅವನ್ನು ಪೂರ್ತಿ ತೆಗೆದು ಕಾಲುಗಳನ್ನು ಕೆಳಗೆ ಎಳೆದ. ತಟ್ಟೆಗೆ ಬಿದ್ದದ್ದು ಎಣ್ಣೆಯಲ್ಲ, ಹಾಲು ಹಾಕಿದ ಚಹಾದಂತಹ ನೀರು. ಸ್ಪಂಜುಗಳು ಕರ್ರಗೆ ಒಣಗಿ ಗಟ್ಟಿಯಾಗಿದ್ದವು. ಮಗನ ಮುಖ ನೋಡಬೇಕಿತ್ತು!

“ಇದಕ್ಕೆ ಏನಾದರೂ ಹೊಡೆದಿದ್ದೀಯಾ?” ಎಂದು ಕೇಳಿದ. ಪ್ರತಿ ವಾರ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುತ್ತಿದ್ದೆ, ಚೆನ್ನಾಗಿ ಜಾರುತ್ತಿತ್ತು ಎಂದ ನಮ್ಮ ಮಗರಾಯ. ಜಾರುತ್ತದೆ, ನಿಜ, ಒಂದು ಗಂಟೆ ಮಾತ್ರ. ಆ ಸ್ಪ್ರೇ ಸೀಲಿನ ಗ್ರೀಸನ್ನು ತೊಳೆದು, ಮಣ್ಣನ್ನು ಒಳಗೆ ಕರೆದುಕೊಂಡು ಹೋಗುತ್ತದೆ. ಪೆಟ್ರೋಲ್ ಪಂಪಿನಲ್ಲಿ ಕಾರು ತೊಳೆಯುವ ಜೋರಿನ ನೀರು ಹಿಡಿಯುವುದೂ ಹಾಗೆಯೇ. ನಿಮ್ಮಲ್ಲಿ ಎಷ್ಟು ಜನ ಇವೆರಡನ್ನೂ ಮಾಡುತ್ತೀರಿ, ಕೈ ಎತ್ತಿ ನೋಡೋಣ.

ಕೊಳವೆಯ ಲೇಪ ಉಳಿದಿತ್ತು, ಒಂದು ಸಣ್ಣ ಗೀರು ಬಿಟ್ಟರೆ. ಒಳಗಿನ ಬುಷ್ ಸಹ ಗಟ್ಟಿಯಾಗಿತ್ತು. ಬೀಳುವಂತೆ ಮಾಡಿದ ಅಪರಾಧಿ ಗಾಳಿ ಸ್ಪ್ರಿಂಗಿನ ಪಿಸ್ಟನ್ ಮೇಲಿನ ಒಂದು ರಬ್ಬರ್ ರಿಂಗ್. ಗಾಳಿಗೆ ಎರಡು ಕೋಣೆ. ಒಂದು ಸೈಕಲ್ಲನ್ನು ಎತ್ತಿ ಹಿಡಿಯುತ್ತದೆ, ಇನ್ನೊಂದು ಎದುರಿನಿಂದ ಒತ್ತಿ ಮೊದಲ ಪೆಟ್ಟನ್ನು ಮೆತ್ತಗೆ ಮಾಡುತ್ತದೆ. ನಡುವಿನ ರಿಂಗ್ ಸವೆದರೆ ಗಾಳಿ ಅಲ್ಲಿಂದಿಲ್ಲಿಗೆ ನುಸುಳಿ ಫೋರ್ಕ್ ಕೆಳಗೇ ಕುಳಿತುಬಿಡುತ್ತದೆ. ಗ್ಯಾಸ್ಕೆಟ್! ನಾನು ಹೇಳಿರಲಿಲ್ಲವೇ? ಸೀಲುಗಳ ಕಿಟ್ ಬೇರೆ ಊರಿನಿಂದ ಬರಲು ಹತ್ತು ದಿನ ಹಿಡಿಯಿತು. ಕೂಲಿ, ಎಣ್ಣೆ, ಕಿಟ್ ಎಲ್ಲ ಸೇರಿ ಹೊಸ ಫೋರ್ಕಿನ ಬೆಲೆಯ ಕಾಲು ಭಾಗವೂ ಆಗಲಿಲ್ಲ.

ನಿಮ್ಮ ಸೈಕಲ್ ಏನು ಹೇಳುತ್ತಿದೆ ಎಂದು ನೀವೇ ಕೇಳಿಸಿಕೊಳ್ಳಬಹುದು. ಕೊಳವೆಯ ಮೇಲೆ ತೆಳ್ಳಗೆ ಎಣ್ಣೆಯ ಪಸೆ ಕಂಡರೆ ಗಾಬರಿ ಬೇಡ. ತೊಟ್ಟಿಕ್ಕಿದರೆ, ಕಾಲಿನ ಮೇಲೆ ಇಳಿದರೆ ಸೀಲ್ ಹೋಗಿದೆ. ತಡೆತಡೆದು ಒರಟಾಗಿ ಚಲಿಸಿದರೆ ಎಣ್ಣೆ ಒಣಗಿದೆ. ಒತ್ತಿ ಬಿಟ್ಟೊಡನೆ ಫಟ್ಟನೆ ಮೇಲೆ ಹಾರುತ್ತಿದ್ದು, ರಿಬೌಂಡ್ ತಿರುಪು ಎತ್ತ ತಿರುಗಿಸಿದರೂ ವ್ಯತ್ಯಾಸ ಕಾಣದಿದ್ದರೆ ಡ್ಯಾಂಪರಿನ ಕಡೆ ನೋಡಬೇಕು. ಅದು ಅನುಭವಿಗಳ ಕೆಲಸ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿದಾಗ ಟಕ್ ಟಕ್ ಎಂದರೆ, ಹ್ಯಾಂಡಲ್ ಕೆಳಗಿನ ಬೇರಿಂಗಿನ ಜಾಗಕ್ಕೆ ಬೆರಳಿಟ್ಟು ನೋಡಿ. ಅಲುಗಾಟ ಅಲ್ಲಿದ್ದರೆ ಬಿಗಿ ಮಾಡಿದರೆ ಸಾಕು. ಅಲ್ಲಿಲ್ಲದೆ ಸೀಲಿನ ಹತ್ತಿರ ಇದ್ದರೆ ಬುಷ್ ಸವೆದಿದೆ, ಖರ್ಚಿನ ಮಾತು.

ಗಾಳಿಯ ವಿಷಯದಲ್ಲೂ ಒಂದು ಮಾತು. ಟೈರಿಗೆ ಹಾಕುವ ಪಂಪ್ ಇಲ್ಲಿ ನಡೆಯದು. ಫೋರ್ಕಿನೊಳಗಿನ ಜಾಗ ಚಿಕ್ಕದು, ಒತ್ತಡ ದೊಡ್ಡದು. ಅದಕ್ಕೆ ಶಾಕ್ ಪಂಪ್ ಎಂಬ ಬೇರೆಯೇ ಪಂಪ್ ಇದೆ. ನಾಲ್ಕು ಗೆಳೆಯರು ಸೇರಿ ಒಂದು ಕೊಂಡರೆ ಸಾಕು. ನಿಮ್ಮ ತೂಕಕ್ಕೆ ಎಷ್ಟು ಗಾಳಿ ಎಂಬ ಪಟ್ಟಿ ಮ್ಯಾನ್ಯುಯಲ್‌ನಲ್ಲಿರುತ್ತದೆ, ಎಷ್ಟೋ ಫೋರ್ಕುಗಳ ಕಾಲಿನ ಮೇಲೂ ಅಂಟಿಸಿರುತ್ತಾರೆ. ಸರಿಯಾಗಿದೆಯೇ ಎಂದು ತಿಳಿಯಲು ಕೊಳವೆಗೆ ಒಂದು ಪ್ಲಾಸ್ಟಿಕ್ ಕಟ್ಟು ಸುತ್ತಿ, ಸೀಲಿಗೆ ತಾಗಿಸಿ, ಮೆಲ್ಲಗೆ ಹತ್ತಿ ಕುಳಿತು ಇಳಿಯಿರಿ. 100 ಮಿಲಿಮೀಟರ್ ಆಡುವ ಫೋರ್ಕ್ ನಿಮ್ಮ ಭಾರಕ್ಕೆ ಸುಮಾರು 20 ಮಿಲಿಮೀಟರ್ ಕುಸಿದಿರಬೇಕು.

ಈ ಕೆಳಗಿನ ಕಾಲಿನ ಸರ್ವಿಸ್ ಮನೆಯಲ್ಲೂ ಮಾಡಬಹುದೇ? ಮಾಡಬಹುದು. ಕೈ ಚುರುಕಾಗಿದ್ದು, ಮ್ಯಾನ್ಯುಯಲ್ ಎದುರಿಗಿದ್ದು, ಅದು ಹೇಳಿದ ಎಣ್ಣೆಯನ್ನೇ ಹೇಳಿದಷ್ಟೇ ಮಿಲಿಲೀಟರ್ ಹಾಕುವ ತಾಳ್ಮೆ ಇದ್ದರೆ. ಬೈಕಿನ ಇಂಜಿನ್ ಆಯಿಲ್ ಬೇಡ, ಸಿಕ್ಕಿದ ಗ್ರೀಸ್ ಬೇಡ, ಕೆಲವು ಗ್ರೀಸುಗಳಿಂದ ಸೀಲ್ ಉಬ್ಬುತ್ತದೆ. ಡಿಸ್ಕ್ ಬ್ರೇಕಿಗೆ ಒಂದು ತೊಟ್ಟು ಎಣ್ಣೆ ಬಿದ್ದರೂ ಬ್ರೇಕ್ ಹಿಡಿಯದು. ಚಕ್ರ ತೆಗೆದು ದೂರ ಇಡಿ, ಬ್ರೇಕಿಗೆ ಬಟ್ಟೆ ಸುತ್ತಿ. ಹಿಂದೆಯೂ ಶಾಕ್ ಇರುವ ದುಬಾರಿ ಸೈಕಲ್ ನಿಮ್ಮದಾದರೆ, ಅದರ ಡ್ಯಾಂಪರನ್ನು ದಯವಿಟ್ಟು ಮುಟ್ಟಬೇಡಿ. ಒಳಗೆ ಬಹಳ ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತದೆ.

ಮೆಕ್ಯಾನಿಕ್ಕನಿಗೆ ಕೊಡುವುದಾದರೆ ನಾಚಿಕೆಪಡದೆ ಕೇಳಿ: ಯಾವ ಎಣ್ಣೆ ಹಾಕುತ್ತೀರಿ, ಎಷ್ಟು? ತಳದ ಬೋಲ್ಟಿನ ವಾಷರ್ ಹೊಸದು ಹಾಕುತ್ತೀರಾ? ತೆಗೆದ ಹಳೆಯ ಸೀಲ್ ನನಗೆ ಕೊಡುತ್ತೀರಾ? ಬಲ್ಲವನು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ, ಖುಷಿಪಡುತ್ತಾನೆ. ದರ್ಜಿಗೆ ಅಳತೆ ಹೇಳುವಂತೆ ನಿಮ್ಮ ತೂಕ, ಎಲ್ಲಿ ಓಡಿಸುತ್ತೀರಿ ಎಂಬುದನ್ನೂ ಹೇಳಿ.

ಇನ್ನು ಒಂದು ಕಹಿ ಮಾತು. ಅಗ್ಗದ ಸೈಕಲ್ಲುಗಳಲ್ಲಿ ಬರುವ ಉಕ್ಕಿನ ಸ್ಪ್ರಿಂಗಿನ ಭಾರವಾದ ಫೋರ್ಕುಗಳಿಗೆ ಈ ಮರ್ಯಾದೆಯೆಲ್ಲ ದಕ್ಕುವುದಿಲ್ಲ. ಬಿಚ್ಚಿ, ಒರೆಸಿ, ಸರಿಯಾದ ಗ್ರೀಸ್ ಹಚ್ಚಿದರೆ ಕೆಲವು ತಿಂಗಳು ಚೆನ್ನಾಗಿ ಆಡುತ್ತವೆ. ಬುಷ್ ಸವೆದ ಮೇಲೆ ಅವಕ್ಕೆ ಬಿಡಿಭಾಗ ಹುಡುಕುವುದು ದಂಡ. ನಮ್ಮ ಕಾಲನಿಯಲ್ಲಿ ಅಂಥ ಸೈಕಲ್ ಇಟ್ಟುಕೊಂಡ ಹುಡುಗರು ಕಾಲೇಜು, ಕ್ಲಾಸು, ಡಾಂಬರು ರಸ್ತೆ ಬಿಟ್ಟು ಎಲ್ಲೂ ಹೋಗುವುದಿಲ್ಲ. ಅವರಿಗೆ ಶಾಕ್ ಯಾಕೆ ಬೇಕೋ ನನಗಂತೂ ತಿಳಿಯದು. ಅದೇ ದುಡ್ಡಿಗೆ ಶಾಕ್ ಇಲ್ಲದ ಒಳ್ಳೆಯ ಸೈಕಲ್ ಬಂದೀತು, ಓವರಾಯ್ಲಿಂಗ್ ಖರ್ಚೂ ಉಳಿದೀತು. ಶೋಕಿ ಎಂದರೆ ಬೇರೆ ಮಾತು.

ಮ್ಯಾನ್ಯುಯಲ್ ಜೊತೆಗೆ ಸ್ವಲ್ಪ ಚರಿತ್ರೆಯನ್ನೂ ಓದಿದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ತರುಣರು ಹಳೆಯ ಸೈಕಲ್ಲುಗಳಲ್ಲಿ ಗುಡ್ಡದಿಂದ ಇಳಿಯುವ ಪಂದ್ಯ ಶುರು ಮಾಡಿದರು. ಮೌಂಟನ್ ಬೈಕಿನ ಹುಟ್ಟಿನ ಕತೆಯಲ್ಲಿ ಆ ಪಂದ್ಯಕ್ಕೆ ದೊಡ್ಡ ಸ್ಥಾನ. ಅದರ ಹೆಸರು ರಿಪ್ಯಾಕ್. ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕ್ ಕಾದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಬಿಚ್ಚಿ, ಗ್ರೀಸ್ ತುಂಬಿಕೊಂಡೇ ಇಳಿಯಬೇಕು. ಅದನ್ನೇ ಪಂದ್ಯದ ಹೆಸರಾಗಿಸಿದರು! ಇದನ್ನು ಹೇಳಿದಾಗ ಮಗ ತುಟಿಪಿಟಕ್ಕೆನ್ನಲಿಲ್ಲ.

ಸೈಕಲ್ ಮಾರಲಿಲ್ಲ. ಆದರೆ ಯಜಮಾನರು ಒಂದು ಷರತ್ತು ಹಾಕಿದರು: ಪ್ರತಿ ಭಾನುವಾರ ಬಂದೊಡನೆ ಎಷ್ಟು ಗಂಟೆ ಓಡಿಸಿದೆ ಎಂದು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆಯಬೇಕು. ಮೊದಲ 50 ಗಂಟೆ ಸಂಕ್ರಾಂತಿಯ ಹೊತ್ತಿಗೆ ಮುಗಿಯಿತು. ಬಾಲ್ಕನಿಯಲ್ಲಿ ಹಳೆಯ ಪೇಪರ್ ಹಾಸಿ ಮಗನೇ ಬಿಚ್ಚಿದ, ನಾನು ಮ್ಯಾನ್ಯುಯಲ್ ಓದಿ ಹೇಳಿದೆ. ತಟ್ಟೆಗೆ ಬಿದ್ದ ಎಣ್ಣೆ ಸ್ವಲ್ಪ ಕಂದಾಗಿತ್ತು, ಅಷ್ಟೇ, ಚಹಾ ಆಗಿರಲಿಲ್ಲ. ಈಗಿನ ಲೆಕ್ಕ 38 ಗಂಟೆಗೆ ಬಂದು ನಿಂತಿದೆ. ಎಣ್ಣೆಯ ಬಾಟಲಿ, ಎರಡು ಹೊಸ ವಾಷರ್ ಉಪ್ಪಿನಕಾಯಿ ಭರಣಿಗಳ ಹಿಂದೆ ತಯಾರಾಗಿ ಕುಳಿತಿವೆ.