ಆಷಾಢದಲ್ಲಿ ಕ್ಯಾಮೆರಾದ ಕಂತು ನಿಲ್ಲುವುದಿಲ್ಲ

ಶಿವಮೊಗ್ಗ ನೆಹರು ರಸ್ತೆಯ ಒಂದು ಕ್ಯಾಮೆರಾ ಅಂಗಡಿ. ಸಂಜೆ ಆರೂವರೆ ಸಮಯ. ಕೌಂಟರಿನ ಈಚೆ ಹೊಸನಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು, ಪಕ್ಕದಲ್ಲಿ ಡಿಗ್ರಿ ಮುಗಿಸಿ ಎರಡು ವರ್ಷವಾದ ಮಗರಾಯ. ಮಗನ ಕಣ್ಣು ಗಾಜಿನ ಬೀರುವಿನ ಮೇಲಿನ ಅಂಕಣದಲ್ಲಿ ಕೂತಿದ್ದ, ಲೆನ್ಸು ಗಿನ್ಸು ಸೇರಿ ಮೂರು ಲಕ್ಷ ಮುಟ್ಟುವ ಕ್ಯಾಮೆರಾದ ಮೇಲೆ. ಅಪ್ಪನ ಕಣ್ಣು ಅದರ ಬೆಲೆ ಚೀಟಿಯ ಮೇಲೆ.

"ನನ್ನ ಹತ್ರ ಇರೋದು ಐವತ್ತು ಸಾವಿರ. ಮಿಕ್ಕಿದ್ದು ಕಂತು ಅಂತಾನೆ ಇವ. ಆ ಕೆಳಗಡೆ ಐವತ್ತು ಸಾವಿರದ್ದೂ ಒಂದು ಇದೆಯಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಸ್ವಲ್ಪ ಬಿಡಿಸಿ ಹೇಳಿ ಮಾರಾಯ್ರೆ."

"ಅದು ಫುಲ್ ಫ್ರೇಮ್ ಸಾರ್" ಎಂದ ಅಂಗಡಿಯ ಹುಡುಗ. ಮಗ ಎಲ್ಲ ತಿಳಿದವನ ಹಾಗೆ ತಲೆಯಾಡಿಸಿದ. ಅಪ್ಪನ ಪ್ರಶ್ನೆ ಮಾತ್ರ ಇದ್ದಲ್ಲೇ ಉಳಿಯಿತು.

ಈ ಪ್ರಶ್ನೆ ಅವರೊಬ್ಬರದಲ್ಲ. ಮದುವೆ ಫೋಟೋ ತೆಗೆದು ಕಾಲ ಮೇಲೆ ನಿಲ್ಲಬೇಕೆನ್ನುವ ಹುಡುಗರು ಜಿಲ್ಲೆಯ ಊರೂರಲ್ಲೂ ಇದ್ದಾರೆ. ಆಸೆ ತಪ್ಪಲ್ಲ. ಆದರೆ ಎರಡೂವರೆ ಲಕ್ಷ ಸಾಲ, ಶೇಕಡಾ 14 ಬಡ್ಡಿ, 24 ಕಂತು ಎಂದರೆ ತಿಂಗಳಿಗೆ ಸುಮಾರು 12 ಸಾವಿರ ರೂಪಾಯಿ. ಎರಡು ವರ್ಷಕ್ಕೆ 2 ಲಕ್ಷ 88 ಸಾವಿರ. ಮದುವೆಗಳಾದರೋ ಹನ್ನೆರಡು ತಿಂಗಳೂ ನಡೆಯುವಂಥವಲ್ಲ. ಆಷಾಢದಲ್ಲಿಲ್ಲ, ಪಿತೃಪಕ್ಷದಲ್ಲಿಲ್ಲ, ಧನುರ್ಮಾಸದಲ್ಲಿಲ್ಲ. ಸಾಲ ಕೊಟ್ಟವರ ಪಂಚಾಂಗದಲ್ಲಿ ಆಷಾಢವೆಂಬ ಮಾಸವೇ ಇಲ್ಲ. ತಾರೀಖು ಬಂತೆಂದರೆ ಖಾತೆಗೆ ಕೈ ಹಾಕುತ್ತಾರೆ, ಅಷ್ಟೆ. ಆದ್ದರಿಂದ ಅಪ್ಪನ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲೇಬೇಕು.

ಮೊದಲು ಮೆಗಾಪಿಕ್ಸೆಲ್ ಎಂಬ ಭೂತ ಇಳಿಸಬೇಕು. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರ್ ಮೊಟ್ಟಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದಾಗ ಅದರಲ್ಲಿ ಇದ್ದದ್ದು 100ಕ್ಕೆ 100, ಅಂದರೆ ಹತ್ತು ಸಾವಿರ ಚುಕ್ಕಿ. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ಚುಕ್ಕಿ ಎಣಿಸುವುದಕ್ಕೆ ಆಗ ಅರ್ಥವಿತ್ತು. ಇವತ್ತು? ಪಾಸ್‌ಪೋರ್ಟ್ ಅಳತೆಯ ಫೋಟೋ ಲಾಯಕ್ಕಾಗಿ ಅಚ್ಚಾಗಲು ಎರಡು ಕಾಲು ಲಕ್ಷ ಚುಕ್ಕಿ ಧಾರಾಳ. ಆಲ್ಬಮ್ಮಿನ 4×6 ಇಂಚಿಗೆ ಸುಮಾರು 22 ಲಕ್ಷ. ಗೋಡೆಗೆ ಹಾಕುವ 12×18 ಇಂಚಿನ ಚಿತ್ರಕ್ಕೂ ಎರಡು ಕೋಟಿಯೊಳಗೆ ಸಾಕು. ಐವತ್ತು ಸಾವಿರದ ಕ್ಯಾಮೆರಾದಲ್ಲೇ 2 ಕೋಟಿ 40 ಲಕ್ಷ, ಅಂದರೆ 24 ಮೆಗಾಪಿಕ್ಸೆಲ್ ಇದೆ.

ಇನ್ನೂ ಒಂದು ತಮಾಷೆ. ಕಲಿಯುವವರಿಗೆಂದು ಮಾಡಿದ ನಿಕಾನ್ ಡಿ3500 ಮತ್ತು ಕಸುಬಿನವರಿಗೆಂದು ಮಾಡಿದ ಸೋನಿ ಎ7 ತ್ರೀ, ಎರಡೂ ಬಂದದ್ದು 2018ರಲ್ಲಿ. ಬೆಲೆಯಲ್ಲಿ ಹಲವು ಪಟ್ಟು ಅಂತರ. ಚುಕ್ಕಿ ಎರಡರಲ್ಲೂ 24 ಮೆಗಾಪಿಕ್ಸೆಲ್ಲೇ! ಕ್ಯಾನನ್ ಆರ್50 ಮತ್ತು ಆರ್6 ಮಾರ್ಕ್ ಟೂ ಕತೆಯೂ ಇದೇ. ಹಾಗಿದ್ದ ಮೇಲೆ ಇನ್ನುಳಿದ ದುಡ್ಡು ಹೋಗುವುದು ಯಾವುದಕ್ಕೆ?

ಅಂಗಳ ದೊಡ್ಡದೋ, ಬಾಗಿಲು ದೊಡ್ಡದೋ

ಒಂದು ಪಾಲು ಸೆನ್ಸರಿನ ಅಳತೆಗೆ. ಬೆಳಕು ಬಂದು ಬೀಳುವ ಜಾಗ ಅದು. ಫುಲ್ ಫ್ರೇಮ್ ಎಂದರೆ 36ಕ್ಕೆ 24 ಮಿ.ಮೀ., ಹಳೆಯ ಫಿಲ್ಮಿನ ಒಂದು ಚೌಕಟ್ಟಿನಷ್ಟು. ಕೆಳಗಿನ ಅಂಕಣದ ಕ್ಯಾಮೆರಾಗಳಲ್ಲಿ ಇರುವುದು ಹೆಚ್ಚುಕಡಿಮೆ 23.5ಕ್ಕೆ 15.6 ಮಿ.ಮೀ. ವಿಸ್ತೀರ್ಣ ಹಿಡಿದರೆ ದೊಡ್ಡದು ಚಿಕ್ಕದರ ಎರಡು ಕಾಲು ಪಟ್ಟಿಗಿಂತ ತುಸು ಹೆಚ್ಚು. ಒಂದೇ ಮಳೆ ಸುರಿದರೂ ದೊಡ್ಡ ಅಂಗಳದಲ್ಲಿ ಹೆಚ್ಚು ನೀರು ನಿಂತ ಹಾಗೆ, ಮಬ್ಬು ಬೆಳಕಿನಲ್ಲಿ ದೊಡ್ಡ ಸೆನ್ಸರಿನ ಚಿತ್ರ ಹೆಚ್ಚು ನಯ, ಕಾಳುಕಾಳು ಕಮ್ಮಿ. ಇದು ನಿಜ, ಸುಳ್ಳಲ್ಲ.

ಆದರೆ ಬೆಳಕು ಒಳಗೆ ಬರುವುದು ಲೆನ್ಸಿನ ಬಾಗಿಲಿನಿಂದ. ಕ್ಯಾಮೆರಾದ ಜತೆ ಪುಕ್ಕಟೆಯೆಂಬಂತೆ ಕೊಡುವ ಲೆನ್ಸು ಜೂಮ್ ಎಳೆದಾಗ ತೆರೆಯುವುದು ಎಫ್ 5.6ರ ಆಜುಬಾಜು. ಹತ್ತರಿಂದ ಇಪ್ಪತ್ತು ಸಾವಿರದೊಳಗೆ ಸಿಗುವ 50 ಮಿ.ಮೀ. ಲೆನ್ಸು ಎಫ್ 1.8ರವರೆಗೆ ತೆರೆಯುತ್ತದೆ. ಲೆಕ್ಕ ಹಾಕಿದರೆ ಇದು ಒಳಬಿಡುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ಲಕ್ಷಾಂತರ ಕೊಟ್ಟು ಸೆನ್ಸರಿನಲ್ಲಿ ಸಿಗುವ ಲಾಭ ಎರಡು ಕಾಲು ಪಟ್ಟು. ಹದಿನೈದು ಸಾವಿರದ ಲೆನ್ಸಿನಲ್ಲಿ ಹತ್ತು ಪಟ್ಟು. ಈ ಮಾತನ್ನು ಅಂಗಡಿಗಳಲ್ಲಿ ತಾವಾಗಿ ಯಾರೂ ಎತ್ತುವುದಿಲ್ಲ, ಯಾಕೆಂದು ಕೇಳಬೇಕಾಗಿಲ್ಲ.

ಆ ಲೆನ್ಸಿಗೂ ತಕರಾರುಗಳಿವೆ. ಜೂಮ್ ಇಲ್ಲ, ಕಾಲಿನಲ್ಲೇ ಹಿಂದೆ ಮುಂದೆ ಹೋಗಬೇಕು. ಚಿಕ್ಕ ಸೆನ್ಸರಿನ ಮೇಲೆ ಹಾಕಿದರೆ ನೋಟ ಇನ್ನೂ ಕಿರಿದಾಗಿ 75 ಮಿ.ಮೀ.ನ ಹಾಗೆ ಕಾಣುತ್ತದೆ. ಇಕ್ಕಟ್ಟಾದ ಮಂಟಪದಲ್ಲಿ ಪುರೋಹಿತರ ಬೆನ್ನಿಗೆ ಬೆನ್ನು ಹಚ್ಚಿ ನಿಂತರೂ ಪೂರ್ತಿ ಜೋಡಿ ಚೌಕಟ್ಟಿಗೆ ಸಿಗದೆ ಹೋಗಬಹುದು. ಪೂರಾ ತೆರೆದಿಟ್ಟರೆ ಸ್ಪಷ್ಟವಾಗಿ ಬರುವ ಆಳ ಬೆರಳೆಣಿಕೆಯ ಇಂಚು. ವಧುವಿನ ಕಣ್ಣು ಝಗಮಗ, ಹಿಂದೆ ನಿಂತ ವರ ಮಂಜು ಮಂಜು. ಇಬ್ಬರೂ ಬೇಕಾದಲ್ಲಿ ಎಫ್ 4ಕ್ಕೆ ಇಳಿಸಬೇಕೆಂಬುದು ಕೈಗೆ ಬರಲು ಒಂದು ಸೀಸನ್ ಬೇಕು. ದುಬಾರಿ ಕ್ಯಾಮೆರಾದಲ್ಲೂ ಅಷ್ಟೇ ಬೇಕು.

ತಾಳಿ ಕಟ್ಟುವುದು ಒಂದೇ ಸಲ

ಹಾಗಾದರೆ ಮೇಲಿನ ಅಂಕಣದ ಕ್ಯಾಮೆರಾ ಬರೀ ಜಂಬವೇ? ಅಲ್ಲ. ಅದರ ನಿಜವಾದ ಗುಣ ಹುಡುಗರು ಹೊಗಳುವ ಜಾಗದಲ್ಲಿಲ್ಲ, ಪಕ್ಕದ ಪುಟ್ಟ ಮುಚ್ಚಳದ ಒಳಗಿದೆ. ಅಲ್ಲಿ ಎರಡು ಮೆಮೊರಿ ಕಾರ್ಡಿಗೆ ಜಾಗ ಉಂಟು. ತೆಗೆದ ಪ್ರತಿ ಫೋಟೋ ಎರಡರಲ್ಲೂ ಕೂರುತ್ತದೆ. ಅಗ್ಗದ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಒಂದೇ. ಮನೆಯ ಹುಟ್ಟುಹಬ್ಬದಲ್ಲಿ ಕಾರ್ಡು ಕೈಕೊಟ್ಟರೆ ಇನ್ನೊಂದು ಕೇಕ್ ತಂದು ಕತ್ತರಿಸಬಹುದು. ಮದುವೆಯಲ್ಲಿ ಕೈಕೊಟ್ಟರೆ ಹೆಣ್ಣಿನ ತಂದೆಯ ಎದುರು ಹೋಗಿ ನಿಂತು ಹೇಳುವ ಮಾತು ಯಾವುದು? ಮುಹೂರ್ತವನ್ನು ಮತ್ತೆ ಇಡಿಸಲಿಕ್ಕಾಗುತ್ತದೆಯೇ? ಅಂಥ ಒಂದು ಮದುವೆಯ ಸುದ್ದಿ ಸಾಕು, ಆ ಹೋಬಳಿಯಲ್ಲಿ ಆ ಹುಡುಗನನ್ನು ಇನ್ನೊಮ್ಮೆ ಕರೆಯುವವರಿಲ್ಲ.

ಆದ್ದರಿಂದ ಸ್ವತಂತ್ರವಾಗಿ ಮದುವೆ ಒಪ್ಪಿಕೊಳ್ಳುವವನಿಗೆ ಎರಡು ಕಾರ್ಡಿನ ಕ್ಯಾಮೆರಾ ಶೋಕಿಯಲ್ಲ, ಅವಶ್ಯಕ. ಅದಕ್ಕೆ ಮೂರು ಲಕ್ಷವೇ ಬೇಕೆಂದೇನೂ ಇಲ್ಲ. 2020ರಲ್ಲಿ ಬಂದ ನಿಕಾನ್ ಝಡ್5ರಲ್ಲಿ ಎರಡು ಕಾರ್ಡೂ ಇದೆ, ಫುಲ್ ಫ್ರೇಮೂ ಹೌದು. 2022ರ ಕ್ಯಾನನ್ ಆರ್7 ಚಿಕ್ಕ ಸೆನ್ಸರಿನದಾದರೂ ಕಾರ್ಡು ಎರಡು. ಇನ್ನೂ ಕೆಳಗಿಳಿದರೆ 2014ರ ನಿಕಾನ್ ಡಿ750 ಸೆಕೆಂಡ್ ಹ್ಯಾಂಡ್ ಓಡಾಡುತ್ತಿದೆ. ಹಳೆಯ ಕಾಲದ ಕನ್ನಡಿಯ ಡಿ.ಎಸ್.ಎಲ್.ಆರ್., ಭಾರ ಜಾಸ್ತಿ, ವಿಡಿಯೋಗೆ ಹೇಳಿ ಮಾಡಿಸಿದ್ದಲ್ಲ. ಫೋಟೋ ಮಾತ್ರ ಇವತ್ತಿಗೂ ತಲೆ ತಗ್ಗಿಸುವಂಥದ್ದಲ್ಲ.

ಸೆಕೆಂಡ್ ಹ್ಯಾಂಡ್ ಎಂದ ಕೂಡಲೇ ಬೈಕಿನ ಮೀಟರ್ ನೋಡುವ ಜನ ಕ್ಯಾಮೆರಾದ ಮೀಟರ್ ನೋಡುವುದಿಲ್ಲ. ಶಟರ್ ಎಷ್ಟು ಸಲ ಬಡಿದಿದೆಯೆಂಬ ಲೆಕ್ಕ ಕ್ಯಾಮೆರಾದ ಒಳಗೇ ಇರುತ್ತದೆ, ಫೋಟೋ ಫೈಲಿನಿಂದ ಅನೇಕ ಮಾಡೆಲ್‌ಗಳಲ್ಲಿ ಅದನ್ನು ಓದಬಹುದು. ಡಿ3500ರ ಶಟರ್ ಒಂದು ಲಕ್ಷ ಬಡಿತಕ್ಕೆ ಪರೀಕ್ಷೆಯಾದದ್ದು, ಡಿ750ರದು ಒಂದೂವರೆ ಲಕ್ಷಕ್ಕೆ. ಮದುವೆಗೆ ಎರಡು ಸಾವಿರ ಕ್ಲಿಕ್ ಎಂದು ಹಿಡಿದರೆ ಐವತ್ತು ಮದುವೆಗೇ ಲಕ್ಷ ಮುಗಿಯಿತು. ಮುಗಿದ ಮರುದಿನವೇ ಸಾಯುತ್ತದೆಂದಲ್ಲ, ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇಳಿಯಬೇಕು. ಹೊರಗೆ ಫಳಫಳ ಹೊಳೆಯುವ ಸ್ಟುಡಿಯೋ ಕ್ಯಾಮೆರಾಕ್ಕಿಂತ ಮೇಷ್ಟರ ಮನೆಯಲ್ಲಿ ಗೀರು ಬಿದ್ದ ಕ್ಯಾಮೆರಾ ವಾಸಿ.

ಕಸುಬಿನ ಗೊಡವೆಯಿಲ್ಲದ ಸಂಸಾರಸ್ಥರಿಗೆ ಇಷ್ಟೆಲ್ಲ ತಲೆನೋವು ಬೇಡ. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ತ್ರೀ ಕಾಲದಲ್ಲಿ ಒಂದು ರೋಲಿಗೆ ಹನ್ನೆರಡೇ ಫೋಟೋ. ಅದರಲ್ಲಿ ಎರಡು ಜೋಗಕ್ಕೆ, ಒಂದು ಅಜ್ಜಿಗೆ ಎಂದು ಹಂಚಿಕೊಂಡು ತೆಗೆದವರು ಇನ್ನೂ ಇದ್ದಾರೆ. ಆ ಕೆಲಸವನ್ನು ಈಗ ಜೇಬಿನ ಫೋನೇ ಮಾಡುತ್ತದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 2010ರಲ್ಲಿ 12 ಕೋಟಿ ದಾಟಿದ್ದ ಡಿಜಿಟಲ್ ಕ್ಯಾಮೆರಾ ರವಾನೆ 2023ರಲ್ಲಿ 77 ಲಕ್ಷದ ಸುಮಾರಿಗೆ ಇಳಿದಿದೆ, ನುಂಗಿದ್ದು ಫೋನು. ಇಪ್ಪತ್ತು ಸಾವಿರದೊಳಗೆ ಹೊಸ ಕ್ಯಾಮೆರಾ ಬೇಕೆನ್ನುವವರು ಆ ದುಡ್ಡು ಬ್ಯಾಂಕಿನಲ್ಲಿಟ್ಟುಕೊಳ್ಳುವುದೇ ಮೇಲು. ಐದಾರು ಸಾವಿರಕ್ಕೆ "48 ಮೆಗಾಪಿಕ್ಸೆಲ್" ಎಂದು ಪೋಸ್ಟಿನಲ್ಲಿ ಬರುವ ಹೆಸರಿಲ್ಲದ ಡಬ್ಬಗಳಂತೂ ಶುದ್ಧ ಆಟಿಕೆ. ಒಳಗಿನ ಕಡಲೆಬೇಳೆಯಂಥ ಸೆನ್ಸರಿನ ಚಿತ್ರವನ್ನು ಲೆಕ್ಕಾಚಾರದಿಂದ ಹಿಗ್ಗಿಸಿ 48 ಎನ್ನುತ್ತವೆ. ಹಿಟ್ಟಿಗೆ ನೀರು ಹೆಚ್ಚು ಹೊಯ್ದರೆ ದೋಸೆ ಜಾಸ್ತಿಯಾಗುತ್ತದೆ, ನಿಜ.

ಫೋನಿಗೆ ಎಟುಕದ ಒಂದು ಜಾಗವಿದೆ, ದೂರದ ಹಕ್ಕಿ. ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ ಕೂತಿದ್ದರೆ ದಡದಲ್ಲಿ ನಿಂತ ಫೋನಿನಲ್ಲಿ ಅದು ಸುಣ್ಣದ ಚುಕ್ಕೆ. ನಿವೃತ್ತ ಮೇಷ್ಟ್ರು, ಬ್ಯಾಂಕಿನವರು ಈ ಹುಚ್ಚಿಗೆ ಬಿದ್ದವರು ಬಹಳ. 2018ರ ನಿಕಾನ್ ಪಿ1000 ಇಂಥವರಿಗೆ ದೇವರು ಕೊಟ್ಟ ವರದ ಹಾಗೆ ಬಂತು: ಲೆನ್ಸು ಬದಲಿಸುವ ರಗಳೆಯಿಲ್ಲ, 125 ಪಟ್ಟು ಜೂಮ್, 3000 ಮಿ.ಮೀ. ಲೆನ್ಸಿನ ನೋಟ. ಭಾರ ಒಂದೂವರೆ ಕಿಲೋದ ಹತ್ತಿರ. ಆದರೆ ಸೆನ್ಸರ್ ಫೋನಿನದರಷ್ಟೇ ಪುಟ್ಟದು, ಫುಲ್ ಫ್ರೇಮಿನ ಮೂವತ್ತರಲ್ಲಿ ಒಂದು ಭಾಗ. ಜೂಮ್ ಪೂರ್ತಿ ಎಳೆದರೆ ಬಾಗಿಲು ಎಫ್ 8ಕ್ಕೆ ಕುಗ್ಗುತ್ತದೆ. ಬಿಸಿಲಲ್ಲಿ ಕೊಕ್ಕಿನ ಗೆರೆಯೂ ಎಣಿಸಬಹುದು. ಮೋಡ ಕವಿದರೆ ಹಕ್ಕಿ ರವೆ ಚೆಲ್ಲಿದಂತೆ. ಗೂಡು ಕಟ್ಟುವುದೋ ಮಳೆಗಾಲದಲ್ಲಿ! ಬೆಳಗಿನ ಹಕ್ಕಿ, ಕಾಡಿನೊಳಗಿನ ಹಕ್ಕಿ ಬೇಕೆನ್ನುವವರು ದೊಡ್ಡ ಸೆನ್ಸರಿಗೂ ಉದ್ದ ಲೆನ್ಸಿಗೂ ಲಕ್ಷ ಎಣಿಸಬೇಕು, ದಾರಿ ಬೇರೆ ಇಲ್ಲ.

ಈ ಜಿಲ್ಲೆಯಲ್ಲಿ ಬೆಲೆಗಿಂತ ದೊಡ್ಡ ಶತ್ರು ಬೂಷ್ಟು. ಬಯಲುಸೀಮೆಯವರಿಗೆ ಇದು ತಿಳಿಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಹೊಸನಗರ, ತೀರ್ಥಹಳ್ಳಿ, ಸಾಗರದ ಮನೆಗಳಲ್ಲಿ ಬೀರುವಿನೊಳಗಿಟ್ಟ ಲೆನ್ಸು ನವರಾತ್ರಿಗೆ ತೆಗೆದಾಗ ಒಳಗಾಜಿನ ಮೇಲೆ ಜೇಡರ ಬಲೆಯಂಥ ಎಳೆ. ಆರಂಭದಲ್ಲಾದರೆ ಬಿಚ್ಚಿ ಒರೆಸಬಹುದು. ಬಿಟ್ಟರೆ ಗಾಜಿನ ಲೇಪನವನ್ನೇ ತಿಂದು ಹಾಕುತ್ತದೆ, ಐದು ಸಾವಿರದ ಲೆನ್ಸೂ ಒಂದೇ, ಲಕ್ಷದ್ದೂ ಒಂದೇ. ಜೋಪಾನವೆಂದುಕೊಂಡು ಚರ್ಮದ ಚೀಲದಲ್ಲಿ ಕಟ್ಟಿ, ಪಕ್ಕದಲ್ಲಿ ನುಸಿಗುಳಿಗೆ ಕರ್ಪೂರ ಇಡುವುದು ಎರಡು ಪಟ್ಟು ತಪ್ಪು. ಅವುಗಳ ಜತೆ ಇಡಬೇಡಿ ಎಂದು ಕ್ಯಾಮೆರಾದ ಪುಸ್ತಕದಲ್ಲೇ ಬರೆದಿರುತ್ತದೆ, ಓದುವವರಾರು? ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್ ಪೊಟ್ಟಣ, ಕೆಲವು ನೂರು ರೂಪಾಯಿಯ ತೇವಾಂಶ ಮೀಟರು. ಮುಳ್ಳು 40 ರಿಂದ 50ರ ನಡುವೆ ನಿಂತರೆ ಕ್ಷೇಮ. ಹದಿನೈದು ದಿನಕ್ಕೊಮ್ಮೆ ಹೊರತೆಗೆದು ನಾಲ್ಕು ಫೋಟೋ ಹೊಡೆದರೆ ಇನ್ನೂ ಕ್ಷೇಮ.

ಬಿಲ್ಲಿನ ವಿಷಯವನ್ನೂ ಹೇಳಬೇಕು. ಕ್ಯಾಮೆರಾ ಮೇಲಿನ ಜಿ.ಎಸ್.ಟಿ. ಶೇಕಡಾ 28 ಇದ್ದದ್ದು 2019ರ ಜನವರಿ 1ರಿಂದ 18ಕ್ಕೆ ಇಳಿಯಿತು. ಅದನ್ನೂ ಉಳಿಸಿ ಕೊಡುತ್ತೇವೆಂದು ಬಿಳಿ ಚೀಟಿಯ ಮೇಲೆ ಕೊಟ್ಟ ಮಾಲಿಗೆ ಇಲ್ಲಿನ ವಾರಂಟಿ ಸಿಗುತ್ತದೆಂದು ನಂಬಿಕೊಳ್ಳಬಾರದು. ಉಳಿದ ಸಾವಿರಗಳು ಮೊದಲ ರಿಪೇರಿಯಲ್ಲೇ ಕರಗುತ್ತವೆ.

ನೆಹರು ರಸ್ತೆಯ ಅಂಗಡಿಗೆ ಮರಳಿದರೆ, ಅಲ್ಲಿ ಅಷ್ಟೊತ್ತಿಗೆ ಒಳಗಿನಿಂದ ಮಾಲೀಕರು ಬಂದಿದ್ದರು. ಫಿಲ್ಮಿನ ಕಾಲದಲ್ಲಿ ತಾವೇ ಮದುವೆ ತೆಗೆದ ಹಳೆಯ ಕೈ. "ಎಷ್ಟು ಮದುವೆ ತೆಗ್ದಿದೀಯಪ್ಪಾ?" ಎಂದು ಹುಡುಗನನ್ನು ಕೇಳಿದರು.

"ಒಂದು. ಸ್ನೇಹಿತನ ಅಕ್ಕಂದು. ಫೋನಲ್ಲಿ."

ಮಾಲೀಕರು ನಗಲಿಲ್ಲ. ಮೇಲಿನ ಅಂಕಣದ ಬೀಗ ಹಾಕಿ ಕೆಳಗಿನದನ್ನು ತೆಗೆದರು. ಮಾತು ಮುಕ್ಕಾಲು ಗಂಟೆ ನಡೆಯಿತು. ಕೊನೆಗೆ ಆದದ್ದಿಷ್ಟು: ಐವತ್ತು ಸಾವಿರದ ಕ್ಯಾಮೆರಾ, ಜತೆಗೊಂದು 50 ಮಿ.ಮೀ. ಲೆನ್ಸು, ಲೆನ್ಸಿನ ದುಡ್ಡು ಅಡಿಕೆ ಕೊಯ್ಲಿನ ಮೇಲೆ. ಈ ಸೀಸನ್ ಪೂರ್ತಿ ಹುಡುಗ ಸಾಗರದ ಸ್ಟುಡಿಯೋ ಒಂದರಲ್ಲಿ ಎರಡನೇ ಫೋಟೋಗ್ರಾಫರ್ ಆಗಿ ಹೋಗುವುದು. ಮುಖ್ಯ ಕ್ಯಾಮೆರಾ, ಎರಡು ಕಾರ್ಡು, ಹೆಣ್ಣಿನ ತಂದೆಯ ಕೋಪ, ಎಲ್ಲವೂ ಸ್ಟುಡಿಯೋದವರ ಪಾಲಿಗೆ. ಮೂರು ಲಕ್ಷದ ಮಾತು ಮುಂದಿನ ಆಷಾಢ ಕಳೆದ ಮೇಲೆ.

ಮಗನ ಮುಖ ಪೂರ್ತಿ ಅರಳಲಿಲ್ಲ, ಬಾಡಲೂ ಇಲ್ಲ. ಲೆನ್ಸು ತಿರುಗಿಸಿ ಹಾಕಿ, ಟ್ಯೂಬ್‌ಲೈಟಿನ ಕೆಳಗೆ ನಿಂತಿದ್ದ ಅಪ್ಪನದೇ ಮೊದಲ ಫೋಟೋ ಹೊಡೆದ. ಅಪ್ಪ ಕನ್ನಡಕ ಏರಿಸಿ ಹಿಂದಿನ ಪರದೆಯನ್ನು ಬಗ್ಗಿ ನೋಡಿದರು. ಕಣ್ಣು, ಮೀಸೆಯ ಒಂದೊಂದು ಬಿಳಿ ಕೂದಲು ಎಣಿಸುವಂತಿತ್ತು.

"ಎಲ್ಲ ಸರಿ," ಎಂದರು ಅವರು, "ನನ್ನ ಕಿವಿ ಎಲ್ಲಿ ಹೋಯ್ತು?"